ಮರಳಿನ ಮೇಲೊಂದು ವಿಮಾನ: ಸೌದಿಯಲ್ಲಿ ಎಣ್ಣೆ ಹುಡುಕಿದ ಕಥೆ

ಭಾಗ 1/9: ಪ್ರಶ್ನೆ

ದಮ್ಮಾಮ್, ಜುಬೈಲ್, ದಹ್ರಾನ್. ನಮ್ಮ ಕರಾವಳಿ ಕಡೆಯವರಿಗೆ ಈ ಹೆಸರುಗಳನ್ನು ಯಾರೂ ಮ್ಯಾಪ್ ಇಟ್ಟು ಹೇಳಿಕೊಡಬೇಕಾಗಿಲ್ಲ. ಕ್ಲಾಸಲ್ಲಿ "ಮನೆಯವರು ಗಲ್ಫಲ್ಲಿ ಇರೋರು ಕೈ ಎತ್ತಿ" ಅಂದ್ರೆ ಸಾಕು. ಒಬ್ಬರ ಅಪ್ಪ, ಒಬ್ಬರ ಮಾವ, ಇನ್ನೊಬ್ಬರ ಭಾವ.

ಆದ್ರೆ ಆ ಮರಳಿನ ಅಡಿಯಲ್ಲಿ ಎಣ್ಣೆ ಉಂಟು ಅಂತ ಮೊದಲು ಗೊತ್ತಾದದ್ದು ಹೇಗೆ? ಕೇಳಿದ್ರೆ ಹೆಚ್ಚಿನವರು ಹೇಳೋದು ಒಂದೇ ಮಾತು: "ಸ್ಯಾಟಲೈಟ್ ಇಟ್ಟು ಹುಡುಕ್ತಾರಲ್ಲ?"

ಸೌದಿ ಅರೇಬಿಯಾದಲ್ಲಿ ಮೊದಲ ದೊಡ್ಡ ಬಾವಿ ಸಿಕ್ಕಿದ್ದು 1938ರಲ್ಲಿ. ಜಗತ್ತಿನ ಮೊದಲ ಉಪಗ್ರಹ ಸ್ಪುಟ್ನಿಕ್ ಹಾರಿದ್ದು 1957ರಲ್ಲಿ. ಲೆಕ್ಕ ಕೂಡೋದಿಲ್ಲ ಅಲ್ವಾ?

ಆದರೆ ಆಕಾಶದಿಂದ ನೋಡುವ ಕೆಲಸ ಆಗಲೇ ಶುರುವಾಗಿತ್ತು. ಒಂದು ಸಣ್ಣ ವಿಮಾನ, ಅದರ ಹೊಟ್ಟೆಗೆ ಕೊರೆದ ಒಂದು ತೂತು, ಆ ತೂತಿನಲ್ಲಿ ಒಂದು ಕ್ಯಾಮೆರಾ. ಈಗ ನಾವು ರಿಮೋಟ್ ಸೆನ್ಸಿಂಗ್, ದೂರಸಂವೇದಿ ಅಂತ ಹೇಳೋದರ ಅಜ್ಜ ಅದು.

ಈ ಸರಣಿಯಲ್ಲಿ ಆ ವಿಮಾನದ ಕಥೆ ಹೇಳ್ತೇನೆ. ಜೊತೆಗೆ ವಿಮಾನಕ್ಕೆ ಕಾಣದ್ದನ್ನು ಕಂಡವರ ಕಥೆಯನ್ನೂ. ನಾನು ಬಿಕಾಂ ಸ್ಟೂಡೆಂಟ್, ಜಿಯಾಲಜಿಯವಳಲ್ಲ. ಹಾಗಾಗಿ ನಡುವೆ ದುಡ್ಡಿನ ಲೆಕ್ಕ ಬಂದೇ ಬರುತ್ತೆ. ಅಡ್ಜಸ್ಟ್ ಮಾಡಿಕೊಳ್ಳಿ.


ಭಾಗ 2/9: 35,000 ಚಿನ್ನದ ನಾಣ್ಯ

1933. ಜಗತ್ತೆಲ್ಲ ಆರ್ಥಿಕ ಮಹಾಕುಸಿತದಲ್ಲಿ ಒದ್ದಾಡ್ತಿತ್ತು. ಸೌದಿ ಅರೇಬಿಯಾ ಅನ್ನುವ ಹೆಸರಿನ ರಾಜ್ಯಕ್ಕೆ ಆಗಿನ್ನೂ ಒಂದು ವರ್ಷ ತುಂಬಿರಲಿಲ್ಲ. ದೊರೆ ಅಬ್ದುಲ್ ಅಜೀಜರ ಖಜಾನೆಗೆ ಮುಖ್ಯ ಆದಾಯ ಹಜ್ ಯಾತ್ರಿಕರಿಂದ ಬರ್ತಿತ್ತು. ಜನರ ಕೈಯಲ್ಲಿ ಹಣವಿಲ್ಲ, ಯಾತ್ರಿಕರು ಕಡಿಮೆಯಾದರು, ಖಜಾನೆ ಬರಿದಾಯ್ತು.

ಆ ಹೊತ್ತಿಗೆ ಬಂದದ್ದು ಅಮೆರಿಕದ ಸ್ಟ್ಯಾಂಡರ್ಡ್ ಆಯಿಲ್ ಆಫ್ ಕ್ಯಾಲಿಫೋರ್ನಿಯಾ, ಚಿಕ್ಕದಾಗಿ ಸೊಕಾಲ್. 1933ರ ಮೇ 29ರಂದು ಜಿದ್ದಾದಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಸರ್ಕಾರದ ಪರ ಹಣಕಾಸು ಮಂತ್ರಿ ಅಬ್ದುಲ್ಲಾ ಸುಲೈಮಾನ್, ಕಂಪನಿ ಪರ ಲಾಯ್ಡ್ ಹ್ಯಾಮಿಲ್ಟನ್. ಅವಧಿ 60 ವರ್ಷ. ಪ್ರದೇಶವೋ, ನಮ್ಮ ಕರ್ನಾಟಕದಂಥ ಮೂರ್ನಾಲ್ಕು ರಾಜ್ಯ ಆರಾಮಾಗಿ ಹಿಡಿಸುವಷ್ಟು.

ಮೊದಲ ಕಂತು 35,000 ಪೌಂಡ್, ಅದೂ ಚಿನ್ನದಲ್ಲೇ ಕೊಡಬೇಕು. ಅದರಲ್ಲಿ 30,000 ಸಾಲ, 5,000 ಮೊದಲ ವರ್ಷದ ಬಾಡಿಗೆ. ತೊಂದರೆ ಏನಾಯ್ತು ಅಂದ್ರೆ, ಅದೇ ವರ್ಷ ಅಮೆರಿಕ ಚಿನ್ನ ಹೊರಗೆ ಕಳಿಸೋದಕ್ಕೆ ತಡೆ ಹಾಕಿತ್ತು. ಕೊನೆಗೆ ಲಂಡನ್ನಿನಲ್ಲಿ ಸವರನ್ ನಾಣ್ಯ ಖರೀದಿಸಿ ಹಡಗಲ್ಲಿ ಜಿದ್ದಾಕ್ಕೆ ಕಳಿಸಿದರು. ಸವರನ್ ಒಂದಕ್ಕೆ ಸುಮಾರು 8 ಗ್ರಾಂ. ಒಟ್ಟು ಹತ್ತಿರತ್ತಿರ 280 ಕೆ.ಜಿ. ಜಿದ್ದಾದ ಡಚ್ ಬ್ಯಾಂಕಿನ ಮೇಜಿನ ಮೇಲೆ ಒಂದೊಂದೇ ನಾಣ್ಯ ಎಣಿಸಿ ರಸೀದಿ ಮಾಡಿದರು.

ಈಗ ಗಮನಿಸಿ. ಇಷ್ಟು ಚಿನ್ನ ಕೈ ಬದಲಾಯಿಸುವಾಗ ಆ ಇಡೀ ಜಾಗದಲ್ಲಿ ಒಂದು ಬ್ಯಾರೆಲ್ ತೈಲವೂ ಸಿಕ್ಕಿರಲಿಲ್ಲ. ಸರಿಯಾದ ನಕ್ಷೆ ಕೂಡ ಇರಲಿಲ್ಲ.


ಭಾಗ 3/9: ಬೋರಲು ಹಾಕಿದ ಬಟ್ಟಲು

1933ರ ಸೆಪ್ಟೆಂಬರ್ 23. ಬರ್ಟ್ ಮಿಲ್ಲರ್, ಕ್ರುಗ್ ಹೆನ್ರಿ ಎಂಬ ಇಬ್ಬರು ಭೂವಿಜ್ಞಾನಿಗಳು ಬಹ್ರೈನಿಂದ ದೋಣಿಯಲ್ಲಿ ಜುಬೈಲಿಗೆ ಬಂದಿಳಿದರು. ಆಗ ಜುಬೈಲ್ ಸಮುದ್ರ ದಂಡೆಯ ಒಂದು ಸಣ್ಣ ಊರು.

ಇವರಿಗೆ ಎಲ್ಲಿ ನೋಡಬೇಕು ಅಂತ ಸ್ವಲ್ಪ ಅಂದಾಜಿತ್ತು. 1932ರಲ್ಲಿ ಇದೇ ಸೊಕಾಲ್ ಕಂಪನಿಗೆ ಬಹ್ರೈನಿನಲ್ಲಿ ತೈಲ ಸಿಕ್ಕಿತ್ತು. ಆ ದ್ವೀಪದಿಂದ ಪಶ್ಚಿಮಕ್ಕೆ ನೋಡಿದ್ರೆ ಸಮುದ್ರದಾಚೆ ಗುಡ್ಡಗಳು ಕಾಣ್ತಿದ್ವು. ಬಹ್ರೈನಿನ ಗುಡ್ಡದ ಕೆಳಗೆ ತೈಲ ಇದ್ದರೆ, ಅದೇ ಥರದ ಈ ಗುಡ್ಡದ ಕೆಳಗೂ ಇರಬಹುದಲ್ಲ?

ಇಲ್ಲಿ ಒಂದು ವಿಷಯ ಅರ್ಥ ಮಾಡಿಕೊಂಡ್ರೆ ಉಳಿದ ಕಥೆ ಸಲೀಸು. ತೈಲ ಭೂಮಿಯೊಳಗೆ ಕೆರೆಯ ಹಾಗೆ ನಿಂತಿರೋದಿಲ್ಲ. ಸ್ಪಂಜಿನ ಹಾಗೆ ಸಣ್ಣ ಸಣ್ಣ ತೂತುಗಳಿರುವ ಕಲ್ಲಿನೊಳಗೆ ನೀರಿನ ಜೊತೆ ಇರುತ್ತದೆ. ನೀರಿಗಿಂತ ಹಗುರ, ಹಾಗಾಗಿ ಮೇಲೆ ಮೇಲೆ ಸರಿಯುತ್ತದೆ. ತಡೆಯುವವರಿಲ್ಲದಿದ್ದರೆ ನೆಲದ ಮೇಲೆ ಬಂದು ಹಾಳಾಗಿ ಹೋಗುತ್ತದೆ. ಮೇಲೆ ಬಿಗಿಯಾದ ಕಲ್ಲಿನ ಪದರ ಇದ್ದು, ಆ ಪದರ ಬೋರಲು ಹಾಕಿದ ಬಟ್ಟಲಿನ ಹಾಗೆ ಉಬ್ಬಿದ್ದರೆ ತೈಲ ಅದರೊಳಗೆ ಸಿಕ್ಕಿಬೀಳುತ್ತದೆ.

ಅಂದ್ರೆ ಹುಡುಕುವವರಿಗೆ ಮೊದಲು ಬೇಕಾದದ್ದು ಬಟ್ಟಲಿನ ಆಕಾರ. ಆಮೇಲೆ ಅದರೊಳಗೆ ತೈಲ ಉಂಟಾ ಇಲ್ವಾ ಅನ್ನುವ ಪ್ರಶ್ನೆ.

ಈ ಆಕಾರ ಮೇಲಿಂದ ಹೇಗೆ ಕಾಣುತ್ತೆ? ಈರುಳ್ಳಿಯ ತಲೆಯನ್ನು ಅಡ್ಡ ಕತ್ತರಿಸಿ. ಉಂಗುರ ಉಂಗುರ ಕಾಣ್ತದಲ್ಲ? ಉಬ್ಬಿದ ಕಲ್ಲಿನ ಪದರಗಳ ತಲೆ ಗಾಳಿ ಮಳೆಗೆ ಸವೆದು ಹೋದಾಗಲೂ ಹಾಗೇ. ನಡುವೆ ಹಳೆಯ ಕಲ್ಲು, ಸುತ್ತ ಹೊಸ ಕಲ್ಲಿನ ಉಂಗುರಗಳು. ನೆಲದ ಮೇಲೆ ನಡೆಯುವವನಿಗೆ ಉಂಗುರ ಕಾಣಲಿಕ್ಕಿಲ್ಲ, ಆದ್ರೆ ಹಕ್ಕಿಗೆ ಕಾಣುತ್ತದೆ.


ಭಾಗ 4/9: ಹಕ್ಕಿ ಬಂತು

ಆ ಹಕ್ಕಿಯ ಹೆಸರು ಫೇರ್‌ಚೈಲ್ಡ್ 71. ಒಂದೇ ಎಂಜಿನ್, ರೆಕ್ಕೆ ಮೇಲ್ಗಡೆ. ರೆಕ್ಕೆ ಮೇಲಿದ್ದರೆ ಕಿಟಕಿಯಿಂದ ಕೆಳಗೆ ನೋಡೋದಕ್ಕೆ ಅಡ್ಡ ಬರೋದಿಲ್ಲ, ಅದೇ ಅನುಕೂಲ. ಹೊಟ್ಟೆಯಲ್ಲಿ ತೂತು ಕೊರೆದು ನೇರ ಕೆಳಗಿನ ಫೋಟೊ ತೆಗೆಯಲು ಕ್ಯಾಮೆರಾಕ್ಕೆ ಜಾಗ ಮಾಡಿದ್ದರು. ಮರಳಲ್ಲಿ ಹೂತು ಹೋಗದ ಹಾಗೆ ಅಗಲ ಟೈರು.

ಈಜಿಪ್ಟಿನ ಅಲೆಕ್ಸಾಂಡ್ರಿಯಾ ತನಕ ಹಡಗಲ್ಲಿ ತಂದು, ಅಲ್ಲಿಂದ ಕೈರೊ, ಬಾಗ್ದಾದ್, ಬಸ್ರಾ ಮೇಲಿಂದ ಹಾರಿಸಿಕೊಂಡು 1934ರ ಮಾರ್ಚ್‌ನಲ್ಲಿ ಜುಬೈಲಿಗೆ ಮುಟ್ಟಿಸಿದರು. ಅದರಲ್ಲಿ ಬಂದವರು ಡಿಕ್ ಕೆರ್ ಮತ್ತು ಚಾರ್ಲಿ ರೋಶ್‌ವಿಲ್.

ಕೆಲಸ ಹೇಗಿತ್ತು ಅಂದ್ರೆ, ನಾವು ಗದ್ದೆ ಉಳುವ ಹಾಗೆ. ಒಂದು ಸಾಲು ಹೋಗೋದು, ತಿರುಗಿ ಪಕ್ಕದ ಸಾಲಲ್ಲಿ ಬರೋದು. ಹಾರುತ್ತಿರುವಾಗಲೇ ಭೂವಿಜ್ಞಾನಿ ಕಿಟಕಿಯ ಪಕ್ಕ ಕೂತು ಕಂಡದ್ದೆಲ್ಲ ಗೀಚಿಕೊಳ್ಳಬೇಕು. ಇಲ್ಲಿ ಗುಡ್ಡ, ಇಲ್ಲಿ ಉಪ್ಪಿನ ಬಯಲು, ಇಲ್ಲಿ ಮರಳು ಮುಗಿದು ಕಲ್ಲು ಶುರು. ಒಂಟೆ ಮೇಲೆ ವಾರಗಟ್ಟಲೆ ಹಿಡಿಯುವ ದೂರ ಕೆಲವು ಗಂಟೆಯಲ್ಲಿ ಕಣ್ಣಿನ ಕೆಳಗೆ ಸರಿದು ಹೋಗ್ತಿತ್ತು.

ಮರುಭೂಮಿ ಈ ಕೆಲಸಕ್ಕೆ ಎಷ್ಟು ಒಳ್ಳೆಯದು ಅಂತ ನಮ್ಮ ಊರಿನ ಜೊತೆ ಹೋಲಿಸಿದ್ರೆ ಗೊತ್ತಾಗ್ತದೆ. ನಮ್ಮ ಕರಾವಳಿಯ ಮೇಲೆ ಹಾರಿ ಫೋಟೊ ತೆಗೀರಿ: ತೆಂಗು, ಅಡಿಕೆ, ರಬ್ಬರ್, ಗದ್ದೆ, ಮನೆ. ಕಲ್ಲು ಕಾಣೋದೇ ಅಪರೂಪ. ಮರುಭೂಮಿಯಲ್ಲಿ ಮರ ಇಲ್ಲ, ಮಣ್ಣಿನ ಹೊದಿಕೆ ತೆಳು. ಭೂಮಿ ತನ್ನ ಎಲುಬು ತೋರಿಸಿಕೊಂಡೇ ಮಲಗಿರುತ್ತದೆ.

ಆದ್ರೆ ಅಲ್ಲೂ ಒಂದು ಹೊದಿಕೆ ಉಂಟು. ಮರಳು. ಮರಳಿನ ದಿಬ್ಬದ ಅಡಿಯಲ್ಲಿ ಏನಿದೆ ಅಂತ ಮಾಮೂಲಿ ಕ್ಯಾಮೆರಾಕ್ಕೆ ಗೊತ್ತಾಗೋದಿಲ್ಲ.


ಭಾಗ 5/9: ಫೋಟೊದಲ್ಲಿ ಹೆಸರು ಇರೋದಿಲ್ಲ

ನನಗೆ ಈ ಇಡೀ ಕಥೆಯಲ್ಲಿ ತುಂಬ ಇಷ್ಟವಾದ ವ್ಯಕ್ತಿ ಖಮೀಸ್ ಬಿನ್ ರಿಮ್ತಾನ್. ಅಜ್ಮಾನ್ ಬುಡಕಟ್ಟಿನ ಬೆದೂಯಿನ್. ಕಂಪನಿಯ ಭೂವಿಜ್ಞಾನಿಗಳಿಗೆ ದಾರಿ ತೋರಿಸುವ ಕೆಲಸ.

ಆ ಕಾಲದ ಭೂವಿಜ್ಞಾನಿಗಳು ಗಡ್ಡ ಬಿಟ್ಟು, ಅರಬ್ ಉಡುಪು ಹಾಕಿಕೊಂಡು, ಸರ್ಕಾರ ಕೊಟ್ಟ ಸೈನಿಕರ ಕಾವಲಿನಲ್ಲಿ ಒಂಟೆ ಮತ್ತು ಕಾರುಗಳಲ್ಲಿ ತಿರುಗ್ತಿದ್ದರು. ಮರುಭೂಮಿಯಲ್ಲಿ ದಾರಿ ತಪ್ಪಿದ್ರೆ ಸಾವು. ಇವರ ಕೈಯಲ್ಲಿ ದಿಕ್ಸೂಚಿ ಇತ್ತು, ಖಮೀಸರ ತಲೆಯಲ್ಲೇ ಎಲ್ಲ ಇತ್ತು. ಒಮ್ಮೆ ನೋಡಿದ ಜಾಗವನ್ನು ಮರೆಯದ ಮನುಷ್ಯ ಅಂತ ಅವರ ಜೊತೆ ಕೆಲಸ ಮಾಡಿದವರೆಲ್ಲ ನೆನಪಿಸಿಕೊಂಡಿದ್ದಾರೆ.

ಯೋಚನೆ ಮಾಡಿ. ವಿಮಾನದಿಂದ ತೆಗೆದ ಫೋಟೊದಲ್ಲಿ ಬಾವಿ ಕಾಣಬಹುದು. ಆ ಬಾವಿಯ ನೀರು ಸಿಹಿಯಾ ಉಪ್ಪಾ, ಈ ತಿಂಗಳಲ್ಲಿ ನೀರು ಇರ್ತದಾ, ಅದರ ಸುತ್ತ ಯಾವ ಕುಲದವರು ಒಂಟೆ ಮೇಯಿಸ್ತಾರೆ, ಅದರ ಹೆಸರೇನು, ಇದು ಯಾವುದೂ ಫೋಟೊದಲ್ಲಿ ಬರೋದಿಲ್ಲ. ಹೆಸರಿಲ್ಲದ ಫೋಟೊ ನಕ್ಷೆ ಆಗೋದು ಹೇಗೆ? ಹೆಸರು ಕೊಟ್ಟವರು ಖಮೀಸರಂಥವರು.

ಅವರ ಜೊತೆಗಾರ ಮ್ಯಾಕ್ಸ್ ಸ್ಟೈನೆಕೆ. 1934ರಲ್ಲಿ ಬಂದವರು 1936ರಲ್ಲಿ ಮುಖ್ಯ ಭೂವಿಜ್ಞಾನಿ ಆದರು. 1937ರಲ್ಲಿ ಅರೇಬಿಯಾವನ್ನು ಪೂರ್ವದಿಂದ ಪಶ್ಚಿಮಕ್ಕೆ ದಾಟಿ, ಯಾವ ಪದರ ಎಲ್ಲಿ ನೆಲದ ಮೇಲೆ ಬರುತ್ತದೆ ಅಂತ ನೋಡುತ್ತ ಹೋದರು. ಪೂರ್ವದ ಆಳದಲ್ಲಿ ಅಡಗಿರುವ ಕಲ್ಲುಗಳೇ ಪಶ್ಚಿಮಕ್ಕೆ ಹೋದಂತೆ ಮೇಲೆ ಬಂದು ಮುಖ ತೋರಿಸುತ್ತವೆ. ಕಾಲಡಿಯ ಪುಸ್ತಕದ ಪುಟಗಳನ್ನು ಮುಟ್ಟಿ ನೋಡಿದ ಹಾಗೆ.

1974ರಲ್ಲಿ ಸಿಕ್ಕ ಒಂದು ತೈಲ ಕ್ಷೇತ್ರಕ್ಕೆ ರಿಮ್ತಾನ್ ಅಂತ ಹೆಸರಿಟ್ಟರು. ಖಮೀಸ್ ತೀರಿಕೊಂಡು ಆಗಲೇ 15 ವರ್ಷ ಆಗಿತ್ತು.


ಭಾಗ 6/9: ಏಳನೇ ಬಾವಿ

ಈಗ ದುಡ್ಡಿನ ಕಥೆ. ಬಿಕಾಂನವರು ಹತ್ತಿರ ಬನ್ನಿ.

ಬಹ್ರೈನಿಂದ ಕಂಡಿದ್ದ ಗುಡ್ಡದ ಹತ್ತಿರ, ದಹ್ರಾನ್‌ನಲ್ಲಿ, ದಮ್ಮಾಮ್ ನಂ. 1 ಬಾವಿ ಕೊರೆಯಲು ಶುರು ಮಾಡಿದ್ದು 1935ರ ಏಪ್ರಿಲ್ 30ಕ್ಕೆ. ಬಟ್ಟಲಿನ ಆಕಾರ ಪಕ್ಕಾ ಇತ್ತು. ಆದ್ರೆ ಸಿಕ್ಕಿದ್ದು ಸ್ವಲ್ಪ ತೈಲ, ಸ್ವಲ್ಪ ಗ್ಯಾಸು. ನಂ. 2 ಮೊದಲು ಭಾರೀ ಆಸೆ ಹುಟ್ಟಿಸಿ ಆಮೇಲೆ ನೀರು ಕೊಡಲಿಕ್ಕೆ ಶುರು ಮಾಡಿತು. ನಂ. 3 ಕೊಟ್ಟದ್ದು ಅಷ್ಟಕ್ಕಷ್ಟೇ. 4, 5, 6 ಕೈ ಕೊಟ್ಟವು.

ಕಂಪನಿಗೆ ಭಾರ ತಡೆಯಲಾಗದೆ 1936ರಲ್ಲಿ ಟೆಕ್ಸಾಸ್ ಕಂಪನಿಗೆ ಅರ್ಧ ಪಾಲು ಮಾರಿತು. ರಿಸ್ಕ್ ಹಂಚಿಕೊಳ್ಳೋದು ಅಂದ್ರೆ ಇದೇ. ಅದೇ ವರ್ಷ ಡಿಸೆಂಬರ್‌ನಲ್ಲಿ ನಂ. 7 ಶುರು. ಇದನ್ನು ಮೊದಲಿನವುಗಳಿಗಿಂತ ಆಳಕ್ಕೆ ಇಳಿಸಬೇಕು ಅನ್ನೋದು ಪ್ಲಾನ್. ವರ್ಷ ಕಳೆಯಿತು. ಸ್ಯಾನ್ ಫ್ರಾನ್ಸಿಸ್ಕೊದ ಹೆಡ್ ಆಫೀಸಲ್ಲಿ ಪ್ರಶ್ನೆ ಎದ್ದಿತು: ಮುಂದುವರಿಸೋದಾ, ಬಿಟ್ಟು ಬರೋದಾ? ಸ್ಟೈನೆಕೆ ಮುಂದುವರಿಸೋಣ ಅನ್ನುವ ಕಡೆಗಿದ್ದರು.

ಸಂಕ್ ಕಾಸ್ಟ್ ಬಗ್ಗೆ ನಾವು ಓದ್ತೇವಲ್ಲ, ಈಗಾಗಲೇ ಹೋದ ದುಡ್ಡು ಮುಂದಿನ ನಿರ್ಧಾರಕ್ಕೆ ಕಾರಣ ಆಗಬಾರದು ಅಂತ. "ಇಷ್ಟು ಸುರಿದಾಗಿದೆ, ಹಾಗಾಗಿ ಇನ್ನೂ ಸುರಿಯೋಣ" ಅಂದ್ರೆ ತಪ್ಪು. "ಕೆಳಗೆ ಇನ್ನೂ ನೋಡದ ಪದರ ಉಂಟು, ಹಾಗಾಗಿ ಕೊರೆಯೋಣ" ಅಂದ್ರೆ ಸರಿ. ಹೊರಗಿಂದ ಎರಡೂ ಒಂದೇ ಥರ ಕಾಣುತ್ತವೆ. ವ್ಯತ್ಯಾಸ ಇರೋದು ಕಾರಣದಲ್ಲಿ.

1938ರ ಮಾರ್ಚ್ 4. ಸುಮಾರು 1,440 ಮೀಟರ್ ಆಳದಿಂದ ದಿನಕ್ಕೆ 1,585 ಬ್ಯಾರೆಲ್ ತೈಲ. ಮೂರು ದಿನ ಕಳೆದು 3,690 ಬ್ಯಾರೆಲ್. 1982ರಲ್ಲಿ ನಿಲ್ಲಿಸುವಷ್ಟರಲ್ಲಿ ಆ ಒಂದು ಬಾವಿ 3.2 ಕೋಟಿ ಬ್ಯಾರೆಲ್ ಕೊಟ್ಟಿತ್ತು.

ಅಕೌಂಟ್ಸ್‌ನವರಿಗೆ ಒಂದು ಪ್ರಶ್ನೆ: ಕೈ ಕೊಟ್ಟ ಬಾವಿಗಳ ಖರ್ಚನ್ನು ಆ ವರ್ಷದ ನಷ್ಟಕ್ಕೆ ಬರೆಯಬೇಕಾ, ಅಥವಾ ಸಿಕ್ಕಿದ ಬಾವಿಯ ಬೆಲೆಗೆ ಸೇರಿಸಬೇಕಾ? ತೈಲ ಕಂಪನಿಗಳಲ್ಲಿ ಎರಡೂ ಪದ್ಧತಿ ಉಂಟು. ಮೊದಲನೆಯದು ಸಕ್ಸೆಸ್‌ಫುಲ್ ಎಫರ್ಟ್ಸ್, ಎರಡನೆಯದು ಫುಲ್ ಕಾಸ್ಟ್. ಹುಡುಕಾಟದ ಖರ್ಚಿಗೆಂದೇ ನಮ್ಮಲ್ಲಿ ಇಂಡ್ ಎಎಸ್ 106 ಇದೆ. ನಂ. 7ರ ಕಥೆ ಓದಿದ ಮೇಲೆ ನನಗೆ ಆ ಪ್ರಶ್ನೆ ಬರೀ ಎಂಟ್ರಿ ಅನ್ನಿಸೋದಿಲ್ಲ. ಆರು ಬಾವಿಗಳು ಕಲಿಸದಿದ್ದರೆ ಏಳನೆಯದನ್ನು ಅಷ್ಟು ಆಳಕ್ಕೆ ಯಾರು ಕೊರೆಯುತ್ತಿದ್ದರು?


ಭಾಗ 7/9: ತಿರುಗಿದ ಹೊಳೆ

ದಮ್ಮಾಮ್ ಗುಡ್ಡ ಕಣ್ಣಿಗೇ ಕಾಣುತ್ತಿತ್ತು. ಆದರೆ ಜಗತ್ತಿನ ಅತಿ ದೊಡ್ಡ ಸಾಂಪ್ರದಾಯಿಕ ತೈಲ ಕ್ಷೇತ್ರದ ಮೇಲೆ ನಿಂತರೂ ಏನೂ ಕಾಣೋದಿಲ್ಲ. ಅದರ ಹೆಸರು ಘವಾರ್. ಉದ್ದ ಸುಮಾರು 280 ಕಿ.ಮೀ., ಅಗಲ ಸುಮಾರು 30 ಕಿ.ಮೀ. ಮಂಗಳೂರಿಂದ ಬೆಂಗಳೂರಿಗೆ ನೇರ ಗೆರೆ ಎಳೆದರೆ ಎಷ್ಟು ದೂರವೋ, ಹತ್ತಿರತ್ತಿರ ಅಷ್ಟು ಉದ್ದದ ಒಂದೇ ಉಬ್ಬು. ಆದ್ರೆ ಉಬ್ಬು ಎಷ್ಟು ನಿಧಾನ ಅಂದ್ರೆ, ಮೇಲೆ ನಡೆದು ಹೋದವರಿಗೆ ಬರೀ ಬಯಲು.

ಸುಳಿವು ಕೊಟ್ಟದ್ದು ಒಂದು ಸತ್ತ ಹೊಳೆ. ವಾದಿ ಸಹಬಾ ಅಂತ. ಸಾವಿರಾರು ವರ್ಷ ಹಿಂದೆ ಅರೇಬಿಯಾದಲ್ಲಿ ಮಳೆ ಇದ್ದಾಗ ಪೂರ್ವಕ್ಕೆ, ಸಮುದ್ರದ ಕಡೆ ಹರಿಯುತ್ತಿದ್ದ ಹೊಳೆಯ ಒಣ ಪಾತ್ರ. ಎರ್ನಿ ಬರ್ಗ್ ಎಂಬ ಭೂವಿಜ್ಞಾನಿ ಅದರ ನಕ್ಷೆ ಮಾಡುವಾಗ ಒಂದು ಕಡೆ ಹೊಳೆ ದಿಢೀರನೆ ತಿರುಗಿದ್ದನ್ನು ಗಮನಿಸಿದರು. ನೀರು ಸುಮ್ಮನೆ ತಿರುಗೋದಿಲ್ಲ. ಎದುರಿಗೆ ನೆಲ ನಿಧಾನಕ್ಕೆ ಏಳುತ್ತಿದ್ದರೆ ಸುತ್ತು ಹಾಕಿ ಹೋಗುತ್ತದೆ. ಅಂದ್ರೆ ಅಡಿಯಲ್ಲಿ ಏನೋ ಉಬ್ಬಿದೆ.

ಆಕಾಶದಿಂದ ನೋಡುವವರು ಈವತ್ತಿಗೂ ಹುಡುಕೋದು ಇಂಥದ್ದನ್ನೇ. ನೇರ ಹೋಗಬೇಕಾದ ಹೊಳೆ ಯಾಕೆ ಸೊಟ್ಟ ಹೋಯ್ತು? ಎಲ್ಲ ಕಡೆ ಹರಡಬೇಕಾದ ತೊರೆಗಳು ಯಾಕೆ ಒಂದು ಜಾಗವನ್ನು ಬಿಟ್ಟು ಸುತ್ತುವರಿದಿವೆ?

ಸುಳಿವು ಸಿಕ್ಕ ಮೇಲೆ ಪರೀಕ್ಷೆ. ಕಡಿಮೆ ಆಳದ ತೂತುಗಳನ್ನು ದೂರ ದೂರಕ್ಕೆ ಕೊರೆದು, ಗುರುತಿನ ಒಂದು ಪದರ ಎಲ್ಲಿ ಎಷ್ಟು ಆಳಕ್ಕೆ ಸಿಗುತ್ತೆ ಅಂತ ಅಳೆಯೋದು. ಮಗುವಿನ ಹೊಟ್ಟೆ ಮುಟ್ಟಿ ನೋಡುವ ಡಾಕ್ಟರ ಹಾಗೆ. ನಡುವೆ ಎರಡನೇ ಮಹಾಯುದ್ಧ ಬಂದು ಕೆಲಸ ನಿಂತಿತು. ಘವಾರ್‌ನ ಉತ್ತರ ತುದಿಯ ಐನ್ ದಾರ್‌ನಲ್ಲಿ ತೈಲ ಸಿಕ್ಕಿದ್ದು 1948ರಲ್ಲಿ, ದಕ್ಷಿಣದ ಹರದ್‌ನಲ್ಲಿ 1949ರಲ್ಲಿ. ಇವೆಲ್ಲ ಬೇರೆ ಬೇರೆ ಅಲ್ಲ, ಒಂದೇ ಕ್ಷೇತ್ರದ ತುಂಡುಗಳು ಅಂತ ಗೊತ್ತಾಗಲು ಇನ್ನೂ ಕೆಲವು ವರ್ಷ ಹಿಡಿಯಿತು.


ಭಾಗ 8/9: ಮರಳಿನ ಒಳಗೆ ನೋಡಿದ ಕಣ್ಣು

ಯುದ್ಧ ಕೆಲಸ ನಿಲ್ಲಿಸಿತು, ಆದರೆ ಒಂದು ಉಪಕರಣವನ್ನೂ ಕೊಟ್ಟಿತು. ಸಮುದ್ರದೊಳಗಿನ ಶತ್ರು ಸಬ್‌ಮರೀನ್ ಪತ್ತೆ ಮಾಡಲು ವಿಮಾನಕ್ಕೆ ಕಟ್ಟಿದ್ದ ಮ್ಯಾಗ್ನೆಟೋಮೀಟರನ್ನು ಯುದ್ಧ ಮುಗಿದ ಮೇಲೆ ನೆಲದ ಮೇಲೆ ಹಾರಿಸಿದರು. ತಳದ ಗಟ್ಟಿ ಕಲ್ಲಿನ ಅಯಸ್ಕಾಂತ ಗುಣ ಅಳೆದರೆ ಅದರ ಮೇಲೆ ತೈಲ ಇರಬಹುದಾದ ಪದರಗಳು ಎಷ್ಟು ದಪ್ಪ ಅಂತ ಅಂದಾಜು ಸಿಗುತ್ತದೆ. ಇದಕ್ಕೆ ಮರಳು ಅಡ್ಡಿಯೇ ಅಲ್ಲ.

"ರಿಮೋಟ್ ಸೆನ್ಸಿಂಗ್" ಅನ್ನುವ ಹೆಸರು ಬಂದದ್ದು ಆಮೇಲೆ. 1950ರ ದಶಕದ ಕೊನೆಗೆ, ಅಮೆರಿಕದ ನೌಕಾಪಡೆಯ ಸಂಶೋಧನಾ ಕಚೇರಿಯಲ್ಲಿದ್ದ ಭೂಗೋಳ ತಜ್ಞೆ ಎವೆಲಿನ್ ಪ್ರುಯಿಟ್ ಬಳಕೆಗೆ ತಂದರು. ಫೋಟೊ ಅಂದ್ರೆ ಸಾಲದು, ಕಣ್ಣಿಗೆ ಕಾಣದ ಕಿರಣಗಳಲ್ಲೂ ನೋಡ್ತಿದ್ದೇವೆ ಅನ್ನೋದು ಕಾರಣ.

1972ರ ಜುಲೈ 23ರಂದು ಲ್ಯಾಂಡ್‌ಸ್ಯಾಟ್ 1 ಹಾರಿತು. ಒಂದೇ ಚಿತ್ರದಲ್ಲಿ 185 ಕಿ.ಮೀ. ಅಗಲ. ಫೇರ್‌ಚೈಲ್ಡ್ ವಿಮಾನ ಸಾಲು ಸಾಲಾಗಿ ಹಾರಿ ಜೋಡಿಸಿದ್ದನ್ನು ಇದು ಒಂದೇ ಕ್ಲಿಕ್ಕಲ್ಲಿ ತೋರಿಸಿತು. ಭಾರತದ ಐಆರ್‌ಎಸ್-1ಎ ಹಾರಿದ್ದು 1988ರ ಮಾರ್ಚ್ 17ಕ್ಕೆ. ನಮ್ಮ ಬೆಂಗಳೂರಿನ ಇಸ್ರೋದವರದ್ದು.

ಆದ್ರೆ ನನಗೆ ರೋಮಾಂಚನ ಆಗೋದು 1981ರ ನವೆಂಬರ್ ನೆನೆದ್ರೆ. ಕೊಲಂಬಿಯಾ ಸ್ಪೇಸ್ ಶಟಲ್‌ನಲ್ಲಿ ಒಂದು ರೇಡಾರ್ ಇಟ್ಟಿದ್ದರು. ಈಜಿಪ್ಟ್ ಮತ್ತು ಸುಡಾನ್ ಗಡಿಯ ಮರುಭೂಮಿಯ ಮೇಲೆ ಹೋದಾಗ ಅದು ಬರೀ ಮರಳಿನ ಬದಲು ನದಿಗಳ ಜಾಲವನ್ನೇ ತೋರಿಸಿತು. ಮರಳಿನಡಿ ಹೂತು ಹೋಗಿದ್ದ ಹಳೆಯ ಕಣಿವೆಗಳು! ರೇಡಾರ್ ಅಲೆಗಳು ಒಂದೆರಡು ಮೀಟರ್ ಮರಳನ್ನು ದಾಟಿ ಹೋಗಿ ಅಡಿಯ ನೆಲಕ್ಕೆ ಬಡಿದು ವಾಪಸ್ ಬಂದಿದ್ದವು. ಮರಳು ಪೂರ್ತಿ ಒಣಗಿದ್ದರೆ ಮಾತ್ರ ಹೀಗಾಗುತ್ತದೆ. ಸ್ವಲ್ಪ ತೇವ ಇದ್ದರೂ ಅಲೆ ಅಲ್ಲೇ ನಿಲ್ಲುತ್ತದೆ.

ಆದರೂ ಒಂದೆರಡು ಮೀಟರ್ ಅಷ್ಟೇ. ತೈಲ ಇರೋದು ಸಾವಿರಾರು ಮೀಟರ್ ಕೆಳಗೆ. ರೇಡಾರ್ ಕೊಟ್ಟದ್ದೂ ಆಕಾರದ ಸುಳಿವನ್ನೇ, ತೈಲವನ್ನಲ್ಲ. ಆಳದ ಚಿತ್ರಕ್ಕೆ ಇವತ್ತಿಗೂ ನೆಲಕ್ಕೆ ಕಂಪನ ಕೊಟ್ಟು ಅದರ ಪ್ರತಿಧ್ವನಿ ಕೇಳುವ ಸೈಸ್ಮಿಕ್ ಸರ್ವೆ ಬೇಕು. ಆಮೇಲೂ ಕೊರೆದೇ ನೋಡಬೇಕು.


ಭಾಗ 9/9: ಕ್ರೆಡಿಟ್ ಯಾರಿಗೆ?

ನಮ್ಮ ದೇಶದ ಮರುಭೂಮಿಯಲ್ಲೂ ಇದೇ ಪಾಠ. ರಾಜಸ್ಥಾನದ ಬಾಡ್ಮೇರ್‌ನಲ್ಲಿ ಉಪಗ್ರಹ ಚಿತ್ರಗಳ ಕಾಲದಲ್ಲೇ ಹುಡುಕಾಟ ನಡೆಯಿತು. ಆದರೂ ಶೆಲ್‌ನಂಥ ದೊಡ್ಡ ಕಂಪನಿ ತನ್ನ ಪಾಲು ಬಿಟ್ಟು ಹೊರನಡೆಯಿತು. ಉಳಿದುಕೊಂಡ ಕೇರ್ನ್ ಕಂಪನಿಗೆ 2004ರ ಜನವರಿಯಲ್ಲಿ ಮಂಗಳಾ ಕ್ಷೇತ್ರ ಸಿಕ್ಕಿತು. ತೈಲ ಮೇಲೆ ಬಂದದ್ದು 2009ರ ಆಗಸ್ಟ್‌ನಲ್ಲಿ. ಎಷ್ಟು ಕಣ್ಣು ಆಕಾಶದಲ್ಲಿದ್ದರೂ ಕೊನೆಯ ಉತ್ತರ ಹೇಳೋದು ಕೊರೆಯುವ ಬಿಟ್ಟು.

ಹಾಗಾದ್ರೆ ಆಕಾಶದ ಕಣ್ಣು ದಂಡವಾ? ಖಂಡಿತ ಅಲ್ಲ. ಮೂರ್ನಾಲ್ಕು ಕರ್ನಾಟಕದಷ್ಟು ಮರುಭೂಮಿಯಲ್ಲಿ ಎಲ್ಲೆಂದರಲ್ಲಿ ಕೊರೆಯಲಿಕ್ಕೆ ಯಾರ ಹತ್ತಿರ ದುಡ್ಡಿದೆ? ಎಲ್ಲಿ ಹೋಗಿ ಕೇಳಬೇಕು ಅಂತ ಅದು ಹೇಳುತ್ತದೆ. ಅಷ್ಟು ಹೇಳಿದ್ದಕ್ಕೇ ಕೋಟಿಗಟ್ಟಲೆ ಉಳಿಯುತ್ತದೆ. ಆದರೆ ಉತ್ತರ ಕೊಡೋದು ನೆಲ, ಆ ನೆಲದ ಭಾಷೆ ಬಲ್ಲವರು, ಮತ್ತೆ ಆರು ಸಲ ಸೋತ ಮೇಲೂ ಕಾರಣ ಇಟ್ಟುಕೊಂಡು ಏಳನೇ ಸಲ ನಿಂತವರು.

ಇದು ನಮಗೆ ಯಾಕೆ ಬೇಕು ಅಂದ್ರೆ, ಈಗ ಎಲ್ಲದಕ್ಕೂ "ಟೆಕ್ನಾಲಜಿ ಕಂಡುಹಿಡೀತು" ಅಂತ ಹೇಳೋದು ಅಭ್ಯಾಸ ಆಗಿಬಿಟ್ಟಿದೆ. ಆ ಮಾತಲ್ಲಿ ಮನುಷ್ಯರ ಹೆಸರು ಕಳೆದುಹೋಗ್ತದೆ. ಫೇರ್‌ಚೈಲ್ಡ್ ವಿಮಾನದ ಮಾಡೆಲ್ ನಂಬರ್ ಹುಡುಕಿದ್ರೆ ಸಿಗುತ್ತೆ. ಒಂಟೆ ಹೊಡೆದವರು, ನೀರು ಹೊತ್ತವರು, ಡ್ರಿಲ್ಲಿಂಗ್ ರಿಗ್ಗಿನಲ್ಲಿ ಬಿಸಿಲಿಗೆ ಬೆಂದವರು, ಅವರಲ್ಲಿ ಎಷ್ಟು ಜನರ ಹೆಸರು ಉಳಿದಿದೆ? ಖಮೀಸರದ್ದು ಉಳಿಯಿತು. ಅವರಂಥವರು ಒಬ್ಬರೇ ಇರಲಿಲ್ಲ.

ಈ ಸಾಲಿನ ಕೊನೆಗೆ ನಮ್ಮ ಊರಿನವರೂ ಸೇರಿದ್ದಾರೆ. ದಮ್ಮಾಮ್, ಜುಬೈಲಿಗೆ ಹೋಗಿ ವೆಲ್ಡಿಂಗ್, ಪೈಪ್ ಫಿಟ್ಟಿಂಗ್, ಡ್ರೈವಿಂಗ್, ಅಕೌಂಟ್ಸ್, ಅಡುಗೆ ಅಂತ ದುಡಿದವರು. ಅವರು ಕಳಿಸಿದ ದುಡ್ಡಲ್ಲೇ ನಮ್ಮಲ್ಲಿ ಎಷ್ಟೋ ಜನರ ಫೀಸು ಕಟ್ಟಿದ್ದು. ಅತ್ತ ನೆಲದಿಂದ ತೆಗೆದ ತೈಲವನ್ನು ಇತ್ತ ನೆಲದೊಳಗೆ ಇಡುವ ಕೆಲಸವೂ ನಮ್ಮ ಕರಾವಳಿಯಲ್ಲೇ ಆಗ್ತಿದೆ. ತುರ್ತು ಕಾಲಕ್ಕೆಂದು ಮಂಗಳೂರಿನಲ್ಲಿ 15 ಲಕ್ಷ ಟನ್, ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾ ತೈಲ ಹಿಡಿಸುವ ಗುಹೆಗಳನ್ನು ಕಲ್ಲಿನೊಳಗೆ ಕೊರೆದಿದ್ದಾರೆ.

ನಿಮ್ಮ ಮನೆಯಲ್ಲಿ ಗಲ್ಫಿಗೆ ಹೋಗಿ ಬಂದ ಹಿರಿಯರು ಇದ್ದರೆ ಈ ವಾರ ಒಮ್ಮೆ ಕೂತು ಕೇಳಿ. ಯಾವ ಊರು, ಯಾವ ಕೆಲಸ, ಯಾವ ವರ್ಷ ಹೋದದ್ದು, ಮೊದಲ ಸಂಬಳ ಎಷ್ಟು. ಬರೆದಿಟ್ಟುಕೊಳ್ಳಿ. ಅವರಿಗೆ ಒಪ್ಪಿಗೆ ಇದ್ದರೆ ಎರಡು ಸಾಲು ಕೆಳಗೆ ಕಾಮೆಂಟಲ್ಲಿ ಹಾಕಿ, ನಾನು ಎಲ್ಲವನ್ನೂ ಓದ್ತೇನೆ. ಅಕೌಂಟ್ಸ್ ಪ್ರಶ್ನೆಗೆ ಉತ್ತರ ಗೊತ್ತಿದ್ದವರು ಅದನ್ನೂ ಹಾಕಿ. ಪರೀಕ್ಷೆಗೆ ಬಂದ್ರೂ ಬರಬಹುದು.

#ಇತಿಹಾಸ #ತೈಲದಕಥೆ #ಮರುಭೂಮಿ #ದೂರಸಂವೇದಿ #ಕರಾವಳಿ #ಗಲ್ಫ್ #ಬಿಕಾಂ #ಕನ್ನಡದಲ್ಲಿಓದಿ